ಸೋತ ಮೇಲೆ ಹಾಕಿದ ಬೂಟು

ದೃಷ್ಟಿ ತೆಗೆದು ದಾರಿ ಕೂಡುವಲ್ಲಿ ಎಸೆದ ನಿಂಬೆಹಣ್ಣು ಕಂಡರೆ ನಮ್ಮ ಬೀದಿಯವರೆಲ್ಲ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಅದನ್ನು ಕಾಲಲ್ಲಿ ಒದ್ದುಕೊಂಡು ಮನೆತನಕ ಬರುತ್ತಿದ್ದವರು ಇವರೊಬ್ಬರೇ. ಒಂದು ಕಾಲಿಂದ ಇನ್ನೊಂದು ಕಾಲಿಗೆ, ಚರಂಡಿಗೆ ಬೀಳದ ಹಾಗೆ, ಎದುರು ಬಂದ ಎಮ್ಮೆಯ ಕಾಲ ಸಂದಿಯಲ್ಲಿ ನುಗ್ಗಿಸಿ, ಕೊನೆಗೆ ತಮ್ಮ ಮನೆಯ ಜಗಲಿಯ ಎರಡು ಕಂಬಗಳ ನಡುವೆ ಹೊಡೆದರೆ ಅವತ್ತಿನ ಕೆಲಸ ಶುರು. ಕಂಬಕ್ಕೆ ತಗುಲಿದರೆ ಹಿಂದಕ್ಕೆ ಹೋಗಿ ಮತ್ತೆ ಒದ್ದುಕೊಂಡು ಬರುತ್ತಿದ್ದರು. ಯಾರ ಯಾರದೋ ದೃಷ್ಟಿಯನ್ನೆಲ್ಲ ತಂದು ನಮ್ಮ ಬಾಗಿಲಿಗೆ ಸುರಿಯುತ್ತೀರಲ್ಲ ಎಂದು ಹೆಂಡತಿ ಬಯ್ದರೆ, ಇಷ್ಟು ಒದೆ ತಿಂದ ಮೇಲೆ ಅದರಲ್ಲಿ ದೃಷ್ಟಿ ಎಲ್ಲಿ ಉಳಿದಿರುತ್ತದೆ ಎನ್ನುತ್ತಿದ್ದರು.

ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದವರು ಅವರು. ಹೆಸರು ಬರೆಯುವುದಿಲ್ಲ. ಇದ್ದಾಗಲೂ ಅವರನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ನಾನು ಯಜಮಾನ್ರು ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ನಾನು ಲೊಕ್ಕನಹಳ್ಳಿ ಕಡೆಯವಳು. ಮದುವೆಯಾದ ಮಾರನೇ ವರ್ಷವೇ ಗಂಡ ಜ್ವರದಲ್ಲಿ ಹೋದ. ಹೊಲ ಕಾಡುಹಂದಿಗೆ, ಮನೆ ಮೈದುನರಿಗೆ ಎಂದಾದ ಮೇಲೆ ಕೊಳ್ಳೇಗಾಲದ ಚಿಕ್ಕಮ್ಮನ ಮನೆಗೆ ಬಂದು, ಇವರಲ್ಲಿ ಕಂಡಿಕೆ ಸುತ್ತಲು ಕೂತೆ. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯೊಳಗೆ ಕೂರುವ ನೂಲು ಸುತ್ತಿದ ಕಡ್ಡಿ. ಲಾಳಿ ಅತ್ತಿಂದಿತ್ತ ಓಡುವಾಗ ನೂಲು ಬಿಟ್ಟುಕೊಡುವುದು ಅದೇ. ಅದನ್ನು ಯಾವ ಹೆಂಗಸು ಸುತ್ತಿದರೂ ಯಾರೂ ಕೇಳುವುದಿಲ್ಲ. ಮಗ್ಗಕ್ಕೆ ಇಳಿಯುವುದು ಬೇರೆ. ನೆಲದಲ್ಲಿ ಗುಂಡಿ ತೋಡಿ ಹೂಡಿದ ಮಗ್ಗ ಅದು. ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು, ಕಾಲಡಿಯ ಎರಡು ಮಣೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಇಳಿಯುವವರು ಗಂಡಸರು. ಸ್ನಾನ ಮಾಡಿ, ಮಗ್ಗ ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿಯುತ್ತಿದ್ದರು. ಚಪ್ಪಲಿ ಆ ಕೋಣೆಯ ಹೊಸ್ತಿಲು ದಾಟಿದ್ದನ್ನು ನಾನು ನೋಡಿಲ್ಲ.

ನೋಡಲು ಏನೂ ಇರಲಿಲ್ಲ ಮನುಷ್ಯ. ಕುಳ್ಳು, ಬಿಲ್ಲಿನ ಹಾಗೆ ಬಾಗಿದ ಕಾಲು, ಎಡಗಾಲಿನ ಹೆಬ್ಬೆರಳು ಪಕ್ಕದ ಬೆರಳ ಮೇಲೆ ಹತ್ತಿ ಕೂತಿತ್ತು. ವಯಸ್ಸಿನಲ್ಲಿ ಬೆಂಗಳೂರಿನ ಒಂದು ಗಿರಣಿಯಲ್ಲಿ ಕೆಲಸಕ್ಕಿದ್ದಾಗ ಫುಟ್ಬಾಲು ಆಡಿ ಮುರಿದುಕೊಂಡದ್ದಂತೆ. ಹೇಗೆ ಮುರಿಯಿತು ಎಂದು ಕೇಳಿದಾಗಲೆಲ್ಲ ಬೇರೆ ಕಥೆ ಹೇಳುತ್ತಿದ್ದರು. ಒಂದು ಸಲ ಎದುರಾಳಿ ತುಳಿದ, ಒಂದು ಸಲ ಗೋಡೆಗೆ ಒದ್ದೆ, ಒಂದು ಸಲ ದೊರೆಯ ನಾಯಿ ಅಡ್ಡ ಬಂತು. ಜಿಪುಣರು ಬೇರೆ. ತಮ್ಮ ಎಲೆಯಡಿಕೆ ಚೀಲ ಸೊಂಟದಲ್ಲಿ ಭದ್ರವಾಗಿಟ್ಟುಕೊಂಡು ಇನ್ನೊಬ್ಬರ ಚೀಲಕ್ಕೆ ಕೈ ಹಾಕುತ್ತಿದ್ದರು. ನೇಯ್ಗೆ ಮಾತ್ರ ಚೆನ್ನಾಗಿತ್ತು. ಅದೂ ಇಲ್ಲದಿದ್ದರೆ ಅಕ್ಕ ಅವರನ್ನು ಯಾವತ್ತೋ ಗುಂಡಿಗೆ ತಳ್ಳಿ ಮಣ್ಣು ಮುಚ್ಚುತ್ತಿದ್ದರು.

ಯಾರನ್ನು ಕಂಡರೂ ಅವರಿಗೆ ಫುಟ್ಬಾಲಿನಲ್ಲಿ ಒಂದು ಜಾಗ ಗೊತ್ತು ಮಾಡಿಬಿಡುತ್ತಿದ್ದರು. ಅಕ್ಕ ಗೋಲು ಕಾಯುವವರು, ಅವರನ್ನು ದಾಟಿ ಅಡಿಗೆಮನೆಯಿಂದ ಒಂದು ಚೂರು ಬೆಲ್ಲವೂ ಹೊರಗೆ ಬರುವುದಿಲ್ಲ. ದೇವಸ್ಥಾನದ ಐನೋರು ಸುಮ್ಮನೆ ಓಡಾಡಿ ಬೆವರುವವರು, ಚೆಂಡು ಮುಟ್ಟುವವರಲ್ಲ. ನಾನು ಹೊರಗೆ ಬಿದ್ದ ಚೆಂಡು ಎತ್ತಿಕೊಡುವವಳು. ಒಡೆದ ರೇಷ್ಮೆಗೂಡು, ತುಂಡು ನೂಲು ಎಲ್ಲ ಸೇರಿಸಿ ಸುತ್ತಿ ಅವರೇ ಒಂದು ಚೆಂಡು ಮಾಡಿದ್ದರು. ರೇಷ್ಮೆಯ ಚೆಂಡನ್ನು ಒದ್ದವರು ಭೂಮಿಯ ಮೇಲೆ ನಮ್ಮ ಬೀದಿಯವರೇ ಇರಬೇಕು. ಒದ್ದರೆ ಸದ್ದಿಲ್ಲ, ಹಾರುವುದೂ ಇಲ್ಲ, ಬೆಕ್ಕಿನ ಹಾಗೆ ಹೋಗಿ ಒಂದು ಕಡೆ ಕೂತುಕೊಳ್ಳುತ್ತಿತ್ತು.

ಸ್ವಾತಂತ್ರ್ಯ ಬಂದ ಮಾರನೇ ವರ್ಷ ನಮ್ಮ ದೇಶದ ಫುಟ್ಬಾಲಿನವರು ದೇಶದೇಶಗಳ ಪಂದ್ಯಕ್ಕೆಂದು ಹಡಗು ಹತ್ತಿ ಲಂಡನ್ನಿಗೆ ಹೋದರು. ಆಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು. ಬಂಡಿ ಹೂಡಿಕೊಂಡು ಯಳಂದೂರಿಗೆ ಹೋದರೆ ಮೈಸೂರು ಮಹಾರಾಜರ ಸೀಮೆ. ಹೋದವರಲ್ಲಿ ಬೆಂಗಳೂರಿನ ಹುಡುಗರಿದ್ದಾರೆ ಎಂದು ಕೇಳಿದ್ದೇ ತಡ, ಯಜಮಾನ್ರು ಅವರನ್ನೆಲ್ಲ ಸ್ವಂತ ಅಣ್ಣತಮ್ಮಂದಿರ ಮಕ್ಕಳು ಎನ್ನುವ ಹಾಗೆ ಮಾತಾಡತೊಡಗಿದರು. ನೀವು ಮದರಾಸಿನವರು, ಅವರು ಮೈಸೂರಿನವರು, ಯಾವ ನಂಟು ಎಂದು ಸಾಹುಕಾರರು ಛೇಡಿಸಿದರೆ, ಚೆಂಡಿಗೆ ಸುಂಕದ ಕಟ್ಟೆ ಇಲ್ಲ ಎಂದರು. ಪಾಪ, ಕೊಳ್ಳೇಗಾಲ ಮೈಸೂರಿಗೆ ಸೇರುವುದನ್ನು ನೋಡಲು ಅವರು ಇರಲಿಲ್ಲ. ಅದಕ್ಕೆ ಮುಂಚೆಯೇ, ಊಟ ಮಾಡಿ ಕೈ ತೊಳೆಯಲು ಹೋದವರು ಬಾನಿಯ ಪಕ್ಕದಲ್ಲೇ ಕುಸಿದರು. ಅಕ್ಕ ಅತ್ತಿದ್ದು ನಿಜ. ಆದರೆ ಅಳುತ್ತಲೇ ಅವರ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ಬಂದವರಿಗೆಲ್ಲ ಹಂಚಿದರು.

ಸಾಹುಕಾರರು ಎಂದೆನಲ್ಲ, ಅವರು ನಮ್ಮ ಬೀದಿಯ ನೇಕಾರರಿಗೆಲ್ಲ ರೇಷ್ಮೆ ನೂಲು ಕೊಡುತ್ತಿದ್ದವರು. ಕಾಲಲ್ಲಿ ಸದಾ ಕರಿಯ ಬೂಟು. ಬೀದಿಯ ಕೊನೆಯಿಂದಲೇ ಆ ಸದ್ದು ಕೇಳಿ, ಮಲಗಿದ್ದವರು ಎದ್ದು ಮಗ್ಗಕ್ಕೆ ಇಳಿಯುತ್ತಿದ್ದರು. ಸ್ವಂತ ಮಗ್ಗ ಸಾಗದವರನ್ನು ಕರೆದು ತಮ್ಮ ಕೊಟ್ಟಿಗೆಯಲ್ಲಿ ಕೂರಿಸಿ ಕೂಲಿಗೆ ನೇಯಿಸುತ್ತಿದ್ದರು. ಯಜಮಾನ್ರ ಮೇಲೂ ಅವರಿಗೆ ಬಹಳ ದಿನದ ಕಣ್ಣು. ಕೆಟ್ಟವರಲ್ಲ. ಮಾತಿಗೆ ಮಾತು ಬೆಳೆಸುವುದೆಂದರೆ ಇಬ್ಬರಿಗೂ ಇಷ್ಟ.

ಲಂಡನ್ನಿನ ಆಟಕ್ಕೆ ಕೆಲವು ದಿನ ಮುಂಚೆ ಅವರ ಜಗಲಿಯಲ್ಲಿ ನೂಲು ತೂಗಿಸಿಕೊಳ್ಳುವಾಗ ನಾನೂ ಬುಟ್ಟಿ ಹಿಡಿದು ನಿಂತಿದ್ದೆ.

"ನಿಮ್ಮ ಐಕ್ಳು ಬರಿಗಾಲಲ್ಲಿ ಆಡ್ತವಂತೆ. ಆ ಕಡೆಯೋರು ಬೂಟಲ್ಲಿ ತುಳುದ್ರೆ ಬೆರಳು ಉಳಿಸ್ಕಂಡು ಬರಾದೇ ಎಚ್ಚು" ಅಂದರು ಸಾಹುಕಾರರು.

"ಮಗ್ಗನೂ ಬರಿಗಾಲಲ್ಲೇ ತುಳಿಯಾದು ಸಾವ್ಕಾರ್ರೇ. ನೀವು ಉಟ್ಟಿರೋ ಪಂಚೆ ಅಂಚು ಬೂಟ್ಗಾಲಲ್ಲಿ ಬಂದಿದ್ದಲ್ಲ."

"ಸೋತ್ರೆ?"

"ಸೋತ್ರೆ ನಿಮ್ಮ ಬೂಟು ನಾನ್ ಆಕಂತೀನಿ. ಗೆದ್ರೆ ನೀವು ಬರಿಗಾಲಲ್ಲಿ ಮರಡಿಗುಡ್ಡ ಅತ್ತಿ ಇಳೀಬೇಕು."

ಸಾಹುಕಾರರು ನಕ್ಕು, ಹಾಕಿದರೆ ಒಂದು ಗಳಿಗೆ ಹಾಕಿ ಬಿಚ್ಚುವುದಲ್ಲ, ಶ್ರಾವಣದ ಮೊದಲ ಸೋಮವಾರದವರೆಗೆ, ಎದ್ದಾಗಿನಿಂದ ಮಲಗುವವರೆಗೆ ಕಾಲಲ್ಲೇ ಇರಬೇಕು ಎಂದರು. ಇವರು ಆಯಿತು ಎಂದುಬಿಟ್ಟರು. ಮಗ್ಗದ ಮೇಲೆ ಏನಿದೆ, ಯಾವಾಗ ಕೊಡಬೇಕು, ಒಂದೂ ತಲೆಗೆ ಬರಲಿಲ್ಲ. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಅದಕ್ಕೇ ನೇಕಾರರಿಗೆ ಆಷಾಢದಲ್ಲಿ ಬಿಡುವಿರುವುದಿಲ್ಲ. ಶ್ರಾವಣದ ಸೀರೆಗಳೆಲ್ಲ ಆಗ ಮಗ್ಗದ ಮೇಲಿರುತ್ತವೆ. ನಮ್ಮ ಮಗ್ಗದ ಮೇಲಿದ್ದದ್ದು ಮಾಂಬಳ್ಳಿಯ ಒಬ್ಬ ಗೌಡರ ಮಗಳ ಧಾರೆಸೀರೆ. ಆ ಸೋಮವಾರ ಕಳೆದು ಎರಡನೇ ದಿನಕ್ಕೆ ಕೊಡಬೇಕು. ಅದು ಚೆನ್ನಾಗಿ ಬಂದರೆ ಮಾಂಬಳ್ಳಿಯ ಮದುವೆ ಸೀರೆಗಳೆಲ್ಲ ಇವರಿಗೇ ಎಂದು ಮಾತಾಗಿತ್ತು. ಬರದಿದ್ದರೆ ಸಾಹುಕಾರರ ಕೊಟ್ಟಿಗೆಯೇ ಗತಿ.

ಬಸ್ಸಿನಲ್ಲಿ ಪೇಪರು ಬರುತ್ತಿತ್ತು. ಅದನ್ನು ಟಪಾಲು ಕಚೇರಿಯ ಗುಮಾಸ್ತರು ಸಾಹುಕಾರರ ಜಗಲಿಯಲ್ಲಿ ಕೂತು ಓದಿ ಹೇಳುತ್ತಿದ್ದರು. ಆಟದ ಸುದ್ದಿ ಬಂದ ದಿನ ಬೀದಿಗೆ ಬೀದಿಯೇ ಅಲ್ಲಿ ನೆರೆದಿತ್ತು, ಏಕೆಂದರೆ ಅದು ಫೈನಲ್ ಎಂದು ಯಜಮಾನ್ರು ಸಾರಿಬಿಟ್ಟಿದ್ದರು. ಅವರು ಗಿರಣಿಯಲ್ಲಿ ಆಡಿದ್ದು ಹಾಗೆ. ಈ ಗಿರಣಿಗೂ ಆ ಗಿರಣಿಗೂ ಒಂದೇ ಆಟ, ಸಂಜೆಗೆ ತೀರ್ಮಾನ. ನಮ್ಮ ಕಡೆಯ ಕುಸ್ತಿಯೂ ಹಾಗೇ. ಇಬ್ಬರು ಹಿಡಿಯುತ್ತಾರೆ, ಒಬ್ಬ ಬೀಳುತ್ತಾನೆ. ಲಂಡನ್ನಿನಲ್ಲೂ ಅಷ್ಟೇ ಎಂದುಕೊಂಡಿದ್ದರು. ನಮಗೇನು ಗೊತ್ತು, ನಾವೂ ಹಾಗೇ ಅಂದುಕೊಂಡೆವು.

ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು, ಫ್ರಾನ್ಸಿನವರು ಎರಡು, ನಾವು ಒಂದು ಎಂದರು. ಕೊನೆತನಕ ಸಮಸಮ ಇತ್ತಂತೆ. ಆಟ ಮುಗಿಯುವ ಹೊತ್ತಿಗೆ ಸರಿಯಾಗಿ ಅವರು ಇನ್ನೊಂದು ಹೊಡೆದರಂತೆ. ಅಷ್ಟಾಗಿದ್ದರೆ ಸಹಿಸಬಹುದಿತ್ತು. ಆ ಆಟದಲ್ಲಿ ಒಂದು ದಂಡದ ಹೊಡೆತ ಇದೆಯಂತೆ. ಎಲ್ಲರೂ ದೂರ ನಿಂತು, ಒಬ್ಬ ಒದೆಯುವುದು, ಒಬ್ಬ ತಡೆಯುವುದು. ಅಂಥದ್ದು ನಮಗೆ ಎರಡು ಸಿಕ್ಕಿತ್ತಂತೆ, ಎರಡೂ ಹೋದವಂತೆ.

"ಎರಡೂನಾ?" ಅಂದರು ಯಜಮಾನ್ರು.

ಗುಮಾಸ್ತರು ಹೌದೆಂದರು.

ಅವರು ಮತ್ತೆ, "ಎರಡೂನಾ?"

ಆ ಬರಿಗಾಲಿನ ಹುಡುಗರನ್ನು ಅಲ್ಲಿನ ಜನ ಬಹಳ ಮೆಚ್ಚಿದರಂತೆ ಎಂದು ಗುಮಾಸ್ತರು ಮುಂದಕ್ಕೆ ಓದಿದರು. ಅದು ಇವರಿಗೆ ಕೇಳಿಸಲಿಲ್ಲ. ಆಮೇಲೆ ಗುಮಾಸ್ತರು ಸಮಾಧಾನ ಹೇಳುವ ಹಾಗೆ, ಇದು ಫೈನಲ್ ಅಲ್ಲ ಯಜಮಾನ್ರೇ, ಬರೀ ಮೊದಲನೇ ಸುತ್ತು, ಫೈನಲ್ಲಿಗೆ ಇನ್ನೂ ಎಷ್ಟೋ ಆಟ ಇದೆ ಎಂದರು. ಯಜಮಾನ್ರು ಮುಖ ಎತ್ತಿದರು.

"ನಮ್ಗೂ ಐತಾ?"

"ಇಲ್ಲ. ಸೋತವರಿಗೆ ಇಲ್ಲ."

"ನಮ್ಗೆ ಇನ್ನೊಂದು ಆಟ ಇಲ್ಲ ಅಂದ್ಮೇಕೆ ಅದು ಫೈನಲ್ ಅಲ್ದೆ ಇನ್ನೇನು?"

ಗುಮಾಸ್ತರು ಪೇಪರು ಮಡಿಚಿದರು. ನಮ್ಮ ಬೀದಿಯಲ್ಲಿ ಅದು ಫೈನಲ್ ಎಂದೇ ಉಳಿಯಿತು. ನಾನೂ ಹಾಗೇ ಹೇಳುತ್ತೇನೆ.

ಸಾಹುಕಾರರು ಮನೆಯಲ್ಲಿದ್ದ ಒಂದು ಜೊತೆ ಹಳೆಯ ಬೂಟು ತರಿಸಿದರು. ಇವರ ಕಾಲಿಗೆ ಅದು ಬಾವಿ. ಆ ಹತ್ತಿ ಕೂತ ಹೆಬ್ಬೆರಳಿಗೆ ಬಟ್ಟೆ ಸುತ್ತಿ ತುರುಕಿದರು. ಜಗಲಿಯಿಂದ ಇಳಿದು ಬೀದಿಯಲ್ಲಿ ನಡೆದು ಬಂದದ್ದು ನೋಡಬೇಕಿತ್ತು, ಕೆಸರಲ್ಲಿ ಸಿಕ್ಕಿಕೊಂಡ ಕೊಕ್ಕರೆಯ ಹಾಗೆ ಒಂದೊಂದು ಕಾಲನ್ನೂ ಎತ್ತಿ ಕಿತ್ತು ಇಡುತ್ತ. ನಾನು ನಕ್ಕೆ. ಎಲ್ಲರೂ ನಕ್ಕರು. ಮಗ್ಗದ ಕೋಣೆಯ ಹೊಸ್ತಿಲಿಗೆ ಬಂದು ನಿಂತಾಗ ನಗು ನಿಂತಿತು.

ಅಕ್ಕ, ಬಾಗಿಲು ಹಾಕುತ್ತೇನೆ, ಬಿಚ್ಚಿಟ್ಟು ಇಳಿಯಿರಿ, ಯಾರು ನೋಡುತ್ತಾರೆ ಎಂದರು. ಇವರು ಒಪ್ಪಲಿಲ್ಲ. ಮಾರನೇ ದಿನ ಸಾಹುಕಾರರೇ ಬಂದು, ತಮಾಷೆಗೆ ಅಂದದ್ದು, ಸಾಕು ಬಿಡಿ, ಸೀರೆ ಮುಗಿಸಿ ಎಂದರು. ಎಷ್ಟಾದರೂ ನೂಲು ಅವರದು. ಅದಕ್ಕೂ ಒಪ್ಪಲಿಲ್ಲ. ಆ ಹುಡುಗರೂ ಬೂಟು ಕಟ್ಟಿಕೊಂಡು ಆಡಬಹುದಿತ್ತು, ಯಾರು ಬೇಡ ಎನ್ನುತ್ತಿದ್ದರು, ಆದರೂ ಬರಿಗಾಲಲ್ಲೇ ಇಳಿದು ಸೋತರು. ನಾನು ಕೊಟ್ಟ ಮಾತನ್ನು ಬಾಗಿಲ ಹಿಂದೆ ಬಿಚ್ಚಿಡಲಾ ಎಂದರು. ಇದನ್ನು ಜನ ನಿಷ್ಠೆ ಎನ್ನುತ್ತಾರೆ. ನನಗೆ ಆಗ ಕಂಡದ್ದು ಹಟ. ಈಗಲೂ ಹಟವೇ.

ಬೇರೆ ನೇಕಾರರನ್ನು ಕರೆಯೋಣವೆಂದರೆ ಎಲ್ಲರ ಮಗ್ಗದ ಮೇಲೂ ಶ್ರಾವಣದ ಸೀರೆ. ಅರ್ಧ ನೇಯ್ದ ಸೀರೆ ಹಾಗೇ ಬಿಗಿದು ನಿಂತಿತ್ತು. ಯಜಮಾನ್ರು ಜಗಲಿಯಲ್ಲಿ ಬೂಟು ನೋಡುತ್ತ ಕೂತಿದ್ದವರು ತಲೆ ಎತ್ತಿ ನನ್ನನ್ನು ನೋಡಿದರು. ಇವಳು ದಿನಾ ನೋಡುತ್ತಾಳೆ, ಇವಳು ಇಳಿಯಲಿ ಎಂದರು.

ಅಕ್ಕ ನನ್ನ ಹಣೆಯ ಕಡೆ ನೋಡಿದರು. ಧಾರೆಸೀರೆ. ಹೆಂಗಸು ಮಗ್ಗಕ್ಕೆ ಇಳಿಯುವುದೇ ಇಲ್ಲ, ಅದರಲ್ಲೂ ಗಂಡ ಸತ್ತವಳು. ಗೌಡರಿಗೆ ತಿಳಿದರೆ ಸೀರೆ ಮುಟ್ಟುವುದಿಲ್ಲ, ಮಾಂಬಳ್ಳಿಯ ಒಂದು ಮನೆಯೂ ಇತ್ತ ತಿರುಗುವುದಿಲ್ಲ. ಇದೆಲ್ಲ ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಅಕ್ಕ ಇನ್ನೊಮ್ಮೆ ಆ ಬೂಟು ನೋಡಿ, "ಬೂಟಿಗಿಂತ ಇವಳೇ ವಾಸಿ ಬುಡಿ" ಅಂದರು.

ಬೂಟಿಗಿಂತ ವಾಸಿ. ಗಂಡ ಹೋದ ಮೇಲೆ ನನಗೆ ಸಿಕ್ಕ ಮೊದಲ ಬಿರುದು ಅದು.

ಕಾಲು ತೊಳೆದು ಇಳಿದೆ. ಯಜಮಾನ್ರು ಏನು ಮಾಡಿದರು ಗೊತ್ತೇ? ಬೂಟು ಹೊಸ್ತಿಲು ದಾಟಬಾರದು, ನನಗೆ ಹೇಳಿಕೊಡಲು ತಲೆ ಒಳಗಿರಬೇಕು. ಅದಕ್ಕೆ ಹೊಸ್ತಿಲ ಮೇಲೆ ಬೋರಲು ಮಲಗಿದರು. ತಲೆ, ಎದೆ ಒಳಗೆ. ಸೊಂಟದಿಂದ ಕೆಳಗೆ ಹೊರಗೆ. ಹೊಸ್ತಿಲು ಒತ್ತದಿರಲಿ ಎಂದು ಅಕ್ಕ ಹೊಟ್ಟೆಯ ಕೆಳಗೆ ಒಂದು ಗೋಣಿಚೀಲ ಮಡಿಚಿ ಹಾಕಿದರು. ಹೊರಗಿನಿಂದ ನೋಡುವವರಿಗೆ ಮನೆಯೊಳಗಿಂದ ಒಂದು ಜೊತೆ ಬೂಟು ಬೀದಿಗೆ ಕಾಲು ಚಾಚಿದ ಹಾಗೆ ಕಾಣುತ್ತಿತ್ತು. ಬೀದಿಯ ಕೋಳಿ ಬಂದು ಅದರ ಮೇಲೆ ಕೂರುತ್ತಿತ್ತು.

ಹೇಳಿಕೊಟ್ಟದ್ದೂ ಅವರ ಭಾಷೆಯಲ್ಲೇ. ಲಾಳಿ ಕೈಯಲ್ಲಿ ಹಿಡಿದು ಯೋಚಿಸುತ್ತ ಕೂತರೆ, "ಇಟ್ಕಂಡು ಕೂರಬ್ಯಾಡ ಕೂಸೇ, ಬಲಗಡೆಯೋನಿಗೆ ಕೊಡು" ಎನ್ನುತ್ತಿದ್ದರು. ಮಣೆಯ ಕಡೆ ಬಗ್ಗಿ ನೋಡಿದರೆ, ಕಾಲು ನೋಡಿಕೊಂಡು ಆಡುವವನು ಆಟಗಾರನಲ್ಲ ಎಂದು ಬಯ್ಯುತ್ತಿದ್ದರು. ಮೊದಲ ದಿನ ನೇಯ್ದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಸೊಂಟ ಕಿತ್ತು ಬರುತ್ತಿತ್ತು, ಕಣ್ಣಲ್ಲಿ ನೀರು. ನೀರು ಸೊಂಟದ್ದು, ಬೇರೆ ಏನೂ ಅಲ್ಲ. ಆಮೇಲೆ ಕಾಲಿಗೆ ತಾನಾಗಿ ಗೊತ್ತಾಗತೊಡಗಿತು. ಎಡದ ಮಣೆ ಕೆಳಗೆ ಹೋದಾಗ ಬಲದ್ದು ಅಂಗಾಲನ್ನು ಮೇಲಕ್ಕೆ ತಳ್ಳುತ್ತದೆ. ಬರಿಗಾಲಿಗೆ ಮಾತ್ರ ಗೊತ್ತಾಗುವ ಸಂಗತಿ ಅದು. ಅಂಚಿನ ನವಿಲುಗಳು ಸಾಲಾಗಿ ಬರತೊಡಗಿದಾಗ ಹೊಸ್ತಿಲಿನಿಂದ ಬಯ್ಗುಳ ಕಡಿಮೆಯಾಯಿತು. ಒಂದು ಸಲ ಗೊರಕೆಯೂ ಕೇಳಿಸಿತು.

ಇನ್ನೇನು ದಡ ಸೇರಿದೆವು ಎನ್ನುವಾಗ ಮಾಂಬಳ್ಳಿಯ ಗೌಡರು ಹೇಳದೆ ಕೇಳದೆ ಬಂಡಿಯಲ್ಲಿ ಬಂದಿಳಿದರು. ದೊಡ್ಡ ಮೈ, ದೊಡ್ಡ ರುಮಾಲು. ಯಜಮಾನ್ರು ಆಗ ತಾನೇ ಎದ್ದು ಜಗಲಿಯಲ್ಲಿ ಮೈ ಮುರಿಯುತ್ತಿದ್ದರು. ಒಳಗೆ ನಾನು ತುಳಿಯುತ್ತಿದ್ದೆ. ಗೌಡರ ದನಿ ಗೋಡೆಯಾಚೆಯಿಂದ ಕೇಳಿತು.

"ನೀವು ಇಲ್ಲೇ ನಿಂತಿದ್ದೀರಿ. ಒಳಗೆ ನನ್ನ ಮಗಳ ಸೀರೆ ನೇಯ್ತಾ ಇರೋರು ಯಾರು?"

ನನ್ನ ಕಾಲು ಮಣೆಯ ಮೇಲೆ ಹಾಗೇ ನಿಂತಿತು.

"ಯೇಳ್ತೀನಿ ಗೌಡ್ರೇ. ಮೊದ್ಲು ಈ ಬೂಟು ಯಾಕೆ ಅಂತ ಕೇಳಿ."

ಗೌಡರು ಆಗ ಬೂಟು ನೋಡಿದರು. ನೇಕಾರನ ಕಾಲಲ್ಲಿ ಬೂಟು ನೋಡಿದ ಮೇಲೆ ಬೇರೆ ಏನು ಕೇಳಲು ಸಾಧ್ಯ? ಯಜಮಾನ್ರು ಶುರುಮಾಡಿದರು. ಹಡಗು, ಲಂಡನ್ನು, ಬರಿಗಾಲು, ಸಮಸಮ. ದಂಡದ ಹೊಡೆತಕ್ಕೆ ಬಂದಾಗ ಬಾಯಿಮಾತು ಸಾಲಲಿಲ್ಲ. ರೇಷ್ಮೆ ಚೆಂಡು ತಂದು ಬೀದಿಯ ನಡುವೆ ಇಟ್ಟು, ಗೌಡರನ್ನು ಎರಡು ಕಂಬಗಳ ಮಧ್ಯೆ ನಿಲ್ಲಿಸಿದರು. ನಾನು ಕಿಟಕಿಯ ಸಂದಿಯಲ್ಲಿ ನೋಡುತ್ತಿದ್ದೆ. ಗೌಡರು ರುಮಾಲು ಬಿಗಿಮಾಡಿಕೊಂಡು, ಪಂಚೆ ಎತ್ತಿ ಕಟ್ಟಿ, ಎಮ್ಮೆ ತಡೆಯುವವರ ಹಾಗೆ ಕೈ ಅಗಲಿಸಿ ನಿಂತರು. ಯಜಮಾನ್ರು ಹಿಂದೆ ಹೋಗಿ ಓಡಿ ಬಂದು ಬೀಸಿ ಒದ್ದರು. ಚೆಂಡು ಇದ್ದಲ್ಲೇ ಇತ್ತು. ಬೂಟು ಹಾರಿ ಬಂದು ಗೌಡರ ಅಂಗೈಗೆ ಬಡಿದು ಕೆಳಗೆ ಬಿತ್ತು.

ನಾನ್ ತಡ್ದೆ, ತಡ್ದೆ ಎಂದು ಗೌಡರು ಕುಣಿದರು. ಯಜಮಾನ್ರು ಬರಿಯ ಕಾಲನ್ನು ನೆಲಕ್ಕೆ ತಾಗಿಸದೆ ಕುಂಟುತ್ತ ಹೋಗಿ ಬೂಟು ಎತ್ತಿ ಹಾಕಿಕೊಂಡರು. ಗೌಡರು ನಗುನಗುತ್ತ ಬಂಡಿ ಹತ್ತಿದರು. ಆ ಫ್ರಾನ್ಸಿನವನು ತಡೆದದ್ದೇನು ದೊಡ್ಡದಲ್ಲ ಎಂದು ಬಂಡಿ ಹೊಡೆಯುವವನಿಗೆ ಹೇಳುತ್ತಿದ್ದುದು ಬೀದಿಯ ತಿರುವಿನವರೆಗೂ ಕೇಳಿಸಿತು. ಒಳಗೆ ಯಾರು ಎಂಬ ಮಾತು ಮತ್ತೆ ಬರಲಿಲ್ಲ. ಬೇಕೆಂದೇ ಹಾಗೆ ಮಾಡಿದಿರಾ ಎಂದು ಆಮೇಲೆ ಕೇಳಿದೆ. ಬರಿಗಾಲಾಗಿದ್ದರೆ ಗೋಲಾಗುತ್ತಿತ್ತು ಎಂದರು. ನಾನು ಕೇಳಿದ್ದು ಅದಲ್ಲ, ಅವರಿಗೂ ಅದು ಗೊತ್ತಿತ್ತು.

ಸೋಮವಾರ ಬಂತು. ಬೂಟಿಗೆ ಹರಳೆಣ್ಣೆ ಸವರಿ ಸಾಹುಕಾರರಿಗೆ ವಾಪಸು ಕೊಟ್ಟು, ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಮಗ್ಗದ ಕೋಣೆಯ ಬಾಗಿಲಿಗೆ ಬಂದರು. ಸೀರೆ ಮುಗಿದಿತ್ತು, ಸೆರಗೊಂದು ಬಾಕಿ. ಉಟ್ಟಾಗ ಜನ ನೋಡುವುದೇ ಸೆರಗನ್ನು, ಕಷ್ಟ ಇರುವುದೂ ಅಲ್ಲೇ. ನಾನು ಲಾಳಿ ಕೆಳಗಿಟ್ಟು, ಗುಂಡಿಯ ಅಂಚಿಗೆ ಕೈ ಊರಿ ಎದ್ದೆ.

"ಎಲ್ಲಿಗೆ?" ಅಂದರು.

ಸೆರಗು ನೀವು ನೇಯಿರಿ, ನಾನು ಕೆಡಿಸಿಬಿಡುತ್ತೇನೆ ಎಂದೆ.

"ಆಟದ ಮಧ್ಯೆ ಆಳು ಬದಲಾಯ್ಸಂಗಿಲ್ಲ. ಕಾಲು ಮುರುದ್ರೂವೆ ಇಳ್ದೋರೇ ಮುಗಿಸ್ಬೇಕು. ಕೂತ್ಕೋ."

ಆಗಿನ ಫುಟ್ಬಾಲಿನಲ್ಲಿ ಹಾಗೇ ಇತ್ತಂತೆ. ನಾನು ಕೂತೆ. ಯಜಮಾನ್ರು ಗೋಣಿಚೀಲ ಮಡಿಚಿ ಹಾಕಿ, ಹೊಸ್ತಿಲ ಮೇಲೆ ಮೊದಲಿನ ಹಾಗೇ ಬೋರಲು ಮಲಗಿದರು. ಅಡಿಗೆಮನೆಯಿಂದ ಬಂದ ಅಕ್ಕ ಅವರ ಬರಿಗಾಲು ನೋಡಿ, ಬೂಟು ಹೋಯಿತಲ್ಲ, ಇನ್ನೂ ಯಾಕೆ ಹೀಗೆ ಬಿದ್ದುಕೊಂಡಿದ್ದೀರಿ, ಒಳಗೆ ಹೋಗಿ ಇಳಿಯಿರಿ ಎಂದರು.

ಅವರು ಅಲುಗಲಿಲ್ಲ. ನಾನು ಎಡದ ಮಣೆ ತುಳಿದು ಲಾಳಿ ಎಸೆದೆ.